ವಸಡಿನ ಸುದ್ದಿ

"ಇದ್ದೀಯಾ?"

ಹಮ್ದಾನ್ ಸ್ಟ್ರೀಟಿನ ಹಳೇ ಕಟ್ಟಡವೊಂದರ ನಾಲ್ಕನೇ ಮಾಳಿಗೆಯ ಬಚ್ಚಲಿನಲ್ಲಿ, ಶನಿವಾರ ಬೆಳಿಗ್ಗೆ, ಹಲ್ಲುಜ್ಜುವ ಬ್ರಶ್ ಕೈಯಲ್ಲಿ ಹಿಡಿದು ಓಲಿಂಡಾ ಕೇಳಿದಳು. ಎದುರಿಗಿದ್ದದ್ದು ಒಂದು ವಾಶ್ ಬೇಸಿನ್, ಒಂದು ಕನ್ನಡಿ. ಉತ್ತರ ಕೊಡಲು ಅಲ್ಲಿ ಯಾರೂ ಇರಲಿಲ್ಲ. ಉತ್ತರವನ್ನು ಅವಳೇ ಉಗುಳಿದಳು. ಬಿಳಿ ನೊರೆಯ ನಡುವೆ ಕುಂಕುಮ ಕಲಸಿದ ಹಾಗೆ ಕೆಂಪು.

ಅವಳ ಮುಖ ಅರಳಿತು.

ತನ್ನ ರಕ್ತ ಕಂಡು ಸಂತೋಷಪಡುವ ಹೆಂಗಸು ಲೋಕದಲ್ಲಿ ಅಪರೂಪ. ಆದರೆ ಓಲಿಂಡಾಳ ಕತೆಯೇ ಹಾಗೆ. ದೊಡ್ಡವಳಾದ ವರ್ಷದಿಂದಲೂ ಅವಳ ವಸಡಿಗೆ ತಿಂಗಳ ಲೆಕ್ಕ ಕ್ಯಾಲೆಂಡರಿಗಿಂತ ಚೆನ್ನಾಗಿ ಗೊತ್ತಿತ್ತು. ಮುಟ್ಟಿಗೆ ಎರಡು ಮೂರು ದಿನ ಇದೆ ಅನ್ನುವಾಗ ಅದು ಊದಿಕೊಳ್ಳುತ್ತಿತ್ತು, ಬ್ರಶ್ ತಾಗಿದರೆ ರಕ್ತ ಬರುತ್ತಿತ್ತು, ಮುಟ್ಟಾದೊಡನೆ ಏನೂ ಗೊತ್ತಿಲ್ಲದವರ ಹಾಗೆ ತೆಪ್ಪಗಾಗುತ್ತಿತ್ತು. ಮದುವೆಯಾದ ಮೇಲೆ ಆ ಊತ ಪ್ರತಿ ತಿಂಗಳೂ ಬಂದು ಒಂದೇ ಮಾತು ಹೇಳಿ ಹೋಗುತ್ತಿತ್ತು: ಈ ಸಲವೂ ಇಲ್ಲ. ಎರಡು ಸಲ ಮಾತ್ರ ಹೀಗಾಗಲಿಲ್ಲ. ಮುಟ್ಟು ನಿಂತಿತು, ವಸಡಿನ ರಕ್ತ ನಿಲ್ಲಲಿಲ್ಲ, ವಾರಗಟ್ಟಲೆ ಬಂತು, ಒಳಗೆ ಒಂದು ಜೀವ ಬಂದು ಕೂತಿತ್ತು. ಆ ಎರಡು ಸಲವೂ ಒಂದು ದಿನ ಬೆಳಿಗ್ಗೆ ಉಗುಳಿದ ನೊರೆ ಬರೀ ಬಿಳಿಯಾಗಿತ್ತು. ಅದರ ಮರುವಾರ ಆಸ್ಪತ್ರೆ. ಅದರ ಮರುವಾರ ಬರಿಗೈಯಲ್ಲಿ ಮನೆ.

ಇದು ಮೂರನೆಯದು. ಚರ್ಚಿನಲ್ಲಿ ಮಾತೆ ಮರಿಯಮ್ಮನ ಮುಂದೆ ಮೊಣಕಾಲೂರಿ ಅವಳು ಒಪ್ಪಂದ ಮಾಡಿಕೊಂಡಿದ್ದಳು. ಮೂರು ತಿಂಗಳು ತುಂಬುವ ತನಕ ಈ ವಿಷಯ ನನ್ನ ಬಾಯಿಂದ ಹೊರಗೆ ಬೀಳುವುದಿಲ್ಲ ತಾಯೇ, ಅಷ್ಟು ನನ್ನ ಪಾಲು, ಉಳಿದದ್ದು ನಿನ್ನದು. ಸಮುದ್ರದ ನಡುವೆ ದಾಸ್ ದ್ವೀಪದಲ್ಲಿ ಎಣ್ಣೆ ಕಂಪೆನಿಯ ಕೆಲಸದಲ್ಲಿರುವ ಗಂಡ ನಾರ್ಬರ್ಟನಿಗೂ ಹೇಳಿರಲಿಲ್ಲ. ಇನ್ನೊಂದು ವಾರ ಕಳೆದರೆ ಸಾಕಿತ್ತು.

ಅಷ್ಟರಲ್ಲಿ ರೂಮಿನಲ್ಲಿ ಫೋನು ಬಡಿದುಕೊಂಡಿತು. ಅವಳು ಟೆಲಿಫೋನ್ ಆಪರೇಟರ್ ಆಗಿದ್ದ ಹೋಟೆಲಿನಿಂದ. ನಾಳೆಯ ಡ್ಯೂಟಿ ಬದಲಾಗಿದೆಯಂತೆ. ಓಲಿಂಡಾ ಓಡಿದಳು. ನಲ್ಲಿ ತಿರುಗಿಸಲು ಮರೆತಳು.

ಆ ಫ್ಲ್ಯಾಟು ಶೇರಿಂಗ್ ಫ್ಲ್ಯಾಟು. ಹೆಸರಿಗೆ ಅದು ಬೆಟ್ಟಿ ಆಂಟಿ ಮತ್ತು ಎಡ್ವರ್ಡ್ ಅಂಕಲ್ ಅವರದ್ದು. ಅವರು ದೊಡ್ಡ ರೂಮಿನಲ್ಲಿದ್ದು, ಒಂದು ರೂಮನ್ನು ಓಲಿಂಡಾಳಿಗೆ, ಇನ್ನೊಂದನ್ನು ಉಡುಪಿ ಕಡೆಯ ಮೋಹನದಾಸ್ ಮತ್ತು ಅವನ ಹೆಂಡತಿ ಅಶ್ಮಿತಾಗೆ ಕೊಟ್ಟಿದ್ದರು. ಅಡುಗೆಮನೆ ಎಲ್ಲರಿಗೂ ಸೇರಿದ್ದು. ಫ್ರಿಜ್ಜಿನಲ್ಲಿ ಆಳಿಗೊಂದು ಖಾನೆ. ಬಚ್ಚಲಿನ ಮೇಲೆ ಮಾತ್ರ ಬೆಟ್ಟಿ ಆಂಟಿಯ ಕಣ್ಣು ವಿಮಾನ ನಿಲ್ದಾಣದ ಕ್ಯಾಮರಾದ ಹಾಗೆ ಹಗಲಿರುಳು ತಿರುಗುತ್ತಿತ್ತು. ಬೇಸಿನ್ನಿನಲ್ಲಿ ಒಂದು ಕೂದಲು ಸಿಕ್ಕಿದರೂ ಅದು ಯಾರ ತಲೆಯದ್ದೆಂದು ಮಧ್ಯಾಹ್ನದೊಳಗೆ ತೀರ್ಮಾನವಾಗಬೇಕು.

ಓಲಿಂಡಾ ಫೋನ್ ಇಡುವುದಕ್ಕೂ ಅದೇ ಫೋನ್ 'ಟಿಂಗ್' ಅನ್ನುವುದಕ್ಕೂ ಸರಿಯಾಯಿತು. ಮನೆಯ ವಾಟ್ಸಪ್ ಗುಂಪಿನಲ್ಲಿ ಬೇಸಿನ್ನಿನ ಫೋಟೋ. ಹತ್ತಿರದಿಂದ ತೆಗೆದದ್ದು, ಫ್ಲ್ಯಾಶ್ ಹಾಕಿ. ಕೆಳಗೆ ಒಂದೇ ಸಾಲು: 'ಇದು ಯಾರದ್ದು?'

ಅವಳು ಹೊರಗೆ ಬರುವಾಗ ಹಾಲಿನಲ್ಲಿ ಆಗಲೇ ಸಭೆ ಸೇರಿತ್ತು. ಮೋಹನದಾಸ್ ಮೂಗು ಬಾಯಿಗೆ ಕರ್ಚೀಫು ಕಟ್ಟಿಕೊಂಡು ನಿಂತಿದ್ದ. ಅವನ ಕೆಲಸ ಟೈಪಿಂಗ್ ಸೆಂಟರಿನಲ್ಲಿ. ದಿನವಿಡೀ ಊರವರ ವೀಸಾ ಅರ್ಜಿ ಟೈಪು ಮಾಡಿ ಮಾಡಿ, ಯಾರ ವೀಸಾ ಯಾಕೆ ಮುರಿದುಬಿತ್ತು ಎಂಬ ಕತೆಗಳು ಅವನ ಹೊಟ್ಟೆಯಲ್ಲಿ ಗೋಡೌನಿನ ಸಾಮಾನಿನಂತೆ ಒಟ್ಟಿದ್ದವು. ಸಾಲದ್ದಕ್ಕೆ ಮರುದಿನ ಅವನದ್ದೇ ವೀಸಾದ ಮೆಡಿಕಲ್ಲು.

"ಅದು ನಂದು ಆಂಟಿ. ಸಾರಿ. ತೊಳೀಲಿಕ್ಕೆ ಮರ್ತೆ," ಅಂದಳು ಓಲಿಂಡಾ. "ವಸಡಿಂದ ಬಂದದ್ದು."

"ವಸಡು ನಮ್ಗೂ ಉಂಟು ಬಾಯಮ್ಮ," ಅಂದ ಮೋಹನದಾಸ್ ಕರ್ಚೀಫಿನ ಒಳಗಿನಿಂದ, ಊರಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಕರೆದು. "ನಮ್ಗೆ ಹೀಗೆ ಬರುದಿಲ್ವಲ್ಲ. ನೀವು ಬೇಜಾರು ಮಾಡ್ಬೇಡಿ. ನಾನು ಎರಡು ಮೂರು ಪ್ರಶ್ನೆ ಕೇಳ್ತೇನೆ, ಅಷ್ಟೇ. ಈಚೆಗೆ ಸಪುರ ಆಗಿದ್ದೀರಾ?"

"ಸ್ವಲ್ಪ."

"ಊಟ ಸೇರ್ತದಾ?"

"ಇಲ್ಲ," ಅಂದರು ಬೆಟ್ಟಿ ಆಂಟಿ, ಅವಳ ಬದಲಿಗೆ. "ಮೊನ್ನೆ ನಾನು ಬಂಗುಡೆ ಕಾಯಿಸುವಾಗ ಮೂಗು ಮುಚ್ಚಿ ಓಡಿದ್ದಾಳೆ. ಬಂಗುಡೆಗೆ ಓಡುವ ಮಂಗ್ಳೂರಿನ ಹೆಣ್ಣನ್ನು ನಾನು ಹುಟ್ಟಿದ್ಮೇಲೆ ನೋಡಿಲ್ಲ."

"ಸುಸ್ತು?"

"ಹೋಟೆಲಿಂದ ಬಂದವಳು ಚಪ್ಪಲಿ ಕಳಚುವ ಮೊದ್ಲು ಮಲಗ್ತಾಳೆ," ಅಂದಳು ಅಶ್ಮಿತಾ ಬಾಗಿಲ ಹಿಂದಿನಿಂದ.

"ರಾತ್ರಿ ಬೆವರ್ತದಾ?"

"ಜುಲೈ ತಿಂಗಳಲ್ವಾ ಅಣ್ಣ?" ಅಂದಳು ಓಲಿಂಡಾ.

"ಎ.ಸಿ. ಉಂಟಲ್ಲ. ಕೆಮ್ಮು?"

"ಕೆಮ್ಮು ಇಲ್ವೇ ಇಲ್ಲ," ಎಂದು ಧೈರ್ಯವಾಗಿ ಹೇಳಿ ಅವಳು ಮೇಜಿನ ಮೇಲಿದ್ದ ಚಹಾ ಎತ್ತಿ ಬಾಯಿಗಿಟ್ಟಳು. ಚಹಾ ನೆತ್ತಿಗೇರಿತು. ಆಮೇಲೆ ಬಂದ ಕೆಮ್ಮು ಹೇಗಿತ್ತೆಂದರೆ, ಎಡ್ವರ್ಡ್ ಅಂಕಲ್ ರೂಮಿನಿಂದ ಎದ್ದು ಬಂದು ಕಿಟಕಿಗಳನ್ನೆಲ್ಲ ತೆರೆದರು.

ಮೋಹನದಾಸ್ ಎರಡು ಹೆಜ್ಜೆ ಹಿಂದೆ ಸರಿದ. "ನಾನು ಹೆಸ್ರು ಹೇಳುದಿಲ್ಲ," ಅಂದ. "ಆದ್ರೆ ಎಲ್ಲರಿಗೂ ಗೊತ್ತಾಗಿದೆ."

ಹೆಸರನ್ನು ಬೆಟ್ಟಿ ಆಂಟಿ ಹೇಳಿದರು. "ಟೀಬಿ."

ಆ ಎರಡಕ್ಷರ ಹಾಲಿನ ನಡುವೆ ಬಿದ್ದು, ಎಲ್ಲರೂ ಕಾಲೆತ್ತಿ ದಾಟುವಂತಾಯಿತು. ಮೋಹನದಾಸ್ ವಿವರಿಸಿದ. ಮೆಡಿಕಲ್ಲಿಗೆ ಹೋದರೆ ಎದೆಯ ಎಕ್ಸ್‌ರೇ ತೆಗೆಯುತ್ತಾರೆ. ಅದರಲ್ಲಿ ಒಂದು ಮಸುಕು ಕಂಡರೆ ವೀಸಾ ಖಲಾಸ್. ಒಂದೇ ಬೇಸಿನ್, ಒಂದೇ ಫ್ರಿಜ್, ಒಂದೇ ಗಾಳಿ. "ನಾನು ನಿಮ್ಮ ಮೇಲೆ ಅಪವಾದ ಹಾಕುದಲ್ಲ ಬಾಯಮ್ಮ. ಇವತ್ತೇ ಒಂದು ಎಕ್ಸ್‌ರೇ ತೆಗೆಸಿ. ಅರ್ಧ ಗಂಟೆಯ ಕೆಲಸ. ಎದೆ ಕ್ಲೀನ್ ಅಂತ ಬಂದ್ರೆ ನಾನೇ ನಿಮ್ಮ ಕಾಲಿಗೆ ಬೀಳ್ತೇನೆ."

"ಎಕ್ಸ್‌ರೇ ಆಗ್ಲಿಕ್ಕಿಲ್ಲ," ಅಂದಳು ಓಲಿಂಡಾ. ಬಾಯಿ ಜಾರಿ ಬಂದ ಮಾತು. ಕೈ ತನ್ನಷ್ಟಕ್ಕೆ ಹೊಟ್ಟೆಯ ಮೇಲೆ ಹೋಗಿತ್ತು. ಅದನ್ನು ಎತ್ತಿ ಎದೆಯ ಮೇಲೆ ಇಟ್ಟುಕೊಂಡಳು. ಅದು ಇನ್ನೂ ಕೆಟ್ಟದಾಗಿ ಕಂಡಿತು.

"ಯಾಕೆ ಆಗ್ಲಿಕ್ಕಿಲ್ಲ?" ಬೆಟ್ಟಿ ಆಂಟಿ ಕೇಳಿದರು.

ಯಾಕೆಂದು ಹೇಳಿದರೆ ಮಾತೆಯ ಜೊತೆಗಿನ ಒಪ್ಪಂದ ಮುರಿಯುತ್ತದೆ. ಹೇಳದಿದ್ದರೆ ಟೀಬಿ.

"ಹೆದ್ರಿಕೆ," ಅಂದ ಮೋಹನದಾಸ್ ಮೆಲ್ಲಗೆ, ಮರುಕದಿಂದ. "ಪಾಪ."

ಬೆಟ್ಟಿ ಆಂಟಿ ಸೊಂಟಕ್ಕೆ ಕೈ ಕೊಟ್ಟರು. "ನೋಡು ಬಾಯಿ, ನಾನು ನೇರ ಹೇಳುವವಳು. ಇವತ್ತು ಸಂಜೆಯೊಳಗೆ ಡಾಕ್ಟ್ರ ಬಾಯಿಂದ ನನ್ಗೆ ಕೇಳ್ಬೇಕು ಇದು ಟೀಬಿ ಅಲ್ಲ ಅಂತ. ಇಲ್ಲದಿದ್ರೆ ಬಟ್ಟೆ ಕಟ್ಟು. ನಾಲ್ಕು ಜನರ ವೀಸಾದ ಪ್ರಶ್ನೆ."

ಬಟ್ಟೆ ಕಟ್ಟಿ ಹೋಗುವುದೆಲ್ಲಿಗೆ? ನಾರ್ಬರ್ಟ್ ದ್ವೀಪದಿಂದ ಬರುವುದು ತಿಂಗಳ ಕೊನೆಗೆ. ಅಬುಧಾಬಿಯಲ್ಲಿ ಅವಳಿಗೆ ಗುರುತಿನವರು ಇಲ್ಲವೆಂದಲ್ಲ, ಗುರುತಿನವರೆಲ್ಲ ಒಂದೊಂದು ರೂಮಿನಲ್ಲಿ ನಾಲ್ಕು ನಾಲ್ಕು ಜನ. ಮೊದಲನೆಯದನ್ನು ಅವಳು ಕಳಕೊಂಡದ್ದೇ ಮುಸಫ್ಫಾದಿಂದ ಇಲ್ಲಿಗೆ ರೂಮು ಬದಲಿಸಿದ ವಾರ, ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತಿದ ಮೇಲೆ. ಪೆಟ್ಟಿಗೆ ಹೊತ್ತದ್ದಕ್ಕಲ್ಲ ಎಂದು ಡಾಕ್ಟರು ಹೇಳಿದ್ದರು. ಆದರೂ ಅಂದಿನಿಂದ ಪೆಟ್ಟಿಗೆ ಕಂಡರೆ ಅವಳು ದೂರ ಸರಿದು ನಡೆಯುತ್ತಿದ್ದಳು. ಈ ರೂಮು ಇಲ್ಲಿಂದ ಅಲ್ಲಾಡಬಾರದು, ತಾನು ಈ ರೂಮಿನಿಂದ ಅಲ್ಲಾಡಬಾರದು. ಅವಳಿಗೆ ಬೇಕಾದದ್ದು ಅಷ್ಟೇ.

"ಹಲ್ಲಿನ ಡಾಕ್ಟ್ರ ಹತ್ರ ಹೋಗ್ತೇನೆ," ಅಂದಳು. "ರಕ್ತ ವಸಡಿಂದಲೇ ಬರುದು ಅಂತ ಅವ್ರು ಹೇಳಿದ್ರೆ ಸಾಕಲ್ವಾ?"

"ಸಾಕು," ಅಂದರು ಬೆಟ್ಟಿ ಆಂಟಿ. "ಆದ್ರೆ ನಾನೂ ಬರ್ತೇನೆ. ಎಲ್ಲಿಂದ ಬರ್ತದೆ ಅಂತ ನನ್ನ ಕಣ್ಣಲ್ಲಿ ನೋಡ್ಬೇಕು."

ಎಡ್ವರ್ಡ್ ಅಂಕಲ್ ಗಾಡಿ ತೆಗೆದರು. ಕ್ಲಿನಿಕ್ಕು ತುಂಬ ದೂರವೇನಲ್ಲ, ಎಲೆಕ್ಟ್ರಾ ಸ್ಟ್ರೀಟಿನಲ್ಲಿ. ಆದರೆ ಬೆಟ್ಟಿ ಆಂಟಿಯ ಅಪ್ಪಣೆಯಂತೆ ಗಾಡಿಯ ನಾಲ್ಕೂ ಗಾಜು ಕೆಳಗಿಳಿಸಿ ಹೊರಟದ್ದರಿಂದ, ಜುಲೈ ತಿಂಗಳ ಅಬುಧಾಬಿಯ ಗಾಳಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಮುಖಕ್ಕೆ ಬಡಿಯುತ್ತಿತ್ತು. ಮುಂದಿನ ಸೀಟಿನಲ್ಲಿ ಗಂಡ ಹೆಂಡತಿ, ಹಿಂದಿನ ಸೀಟಿನ ಕೊಟ್ಟಕೊನೆಯ ಮೂಲೆಯಲ್ಲಿ ಓಲಿಂಡಾ. ಅವಳು ಮನಸ್ಸಿನಲ್ಲಿ ಜಪಮಣಿ ಎಣಿಸುತ್ತಿದ್ದಳು. ಎಡ್ವರ್ಡ್ ಅಂಕಲ್ ಕನ್ನಡಿಯಲ್ಲಿ ನೋಡಿ, "ಎ.ಸಿ. ಹಾಕ್ಲಾ ಬಾಯಿ? ಬೆವರ್ತಾ ಇದ್ದಿ," ಎಂದು ಕೇಳಿದರು.

"ಬೆವರ್ಲಿ," ಅಂದರು ಬೆಟ್ಟಿ ಆಂಟಿ. "ಡಾಕ್ಟ್ರೂ ನೋಡ್ಲಿ."

ಡಾಕ್ಟರ್ ಖೈರುನ್ನಿಸ ಮಂಗಳೂರು ಕಡೆಯವರೇ, ಬ್ಯಾರಿ ಮನೆತನದವರು. ಕನ್ನಡ ಕೇಳಿದೊಡನೆ ಮುಖವೆಲ್ಲ ನಗು ಮಾಡಿಕೊಂಡರು. ಆದರೆ ಬಾಗಿಲಲ್ಲಿ ನರ್ಸು ಬೆಟ್ಟಿ ಆಂಟಿಯನ್ನು ತಡೆದಳು. ಒಳಗೆ ಮನೆಯವರಿಗೆ ಮಾತ್ರ ಪ್ರವೇಶ.

"ನಾನು ಇವಳ ಅಕ್ಕ," ಅಂದರು ಬೆಟ್ಟಿ ಆಂಟಿ, ಕಣ್ಣು ಮಿಟುಕಿಸದೆ. "ಒಡಹುಟ್ಟಿದವಳು."

ಇಬ್ಬರ ನಡುವೆ ಹದಿನೈದು ವರ್ಷವೂ ಮೂವತ್ತು ಕಿಲೋವೂ ಅಂತರವಿತ್ತು. ಖೈರುನ್ನಿಸ ಡಾಕ್ಟರು ಇನ್ನೊಂದು ಕುರ್ಚಿ ಹಾಕಿಸಿದರು.

ಓಲಿಂಡಾ ದೊಡ್ಡ ಕುರ್ಚಿಯಲ್ಲಿ ಒರಗಿ ಬಾಯಿ ತೆರೆದಳು. ಡಾಕ್ಟರು ಕನ್ನಡಿ ತೂರಿಸಿದರು. ಡಾಕ್ಟರ ಭುಜದ ಮೇಲಿಂದ ಬೆಟ್ಟಿ ಆಂಟಿ ತಲೆ ತೂರಿಸಿದರು. ಮೊಂಡು ಸೂಜಿಯಂಥದ್ದೊಂದು ವಸಡಿಗೆ ತಾಗಿತೋ ಇಲ್ಲವೋ, ಕೆಂಪು ಒಸರಿತು.

"ಕಂಡ್ರಾ?" ಅಂದರು ಡಾಕ್ಟರು. "ಇಲ್ಲಿಂದ, ಇಲ್ಲಿಂದ, ಇಲ್ಲಿಂದ. ಎಲ್ಲ ವಸಡೇ."

"ಹಾಗಾದ್ರೆ ಶ್ವಾಸಕೋಶ ಅಲ್ಲ?"

"ಶ್ವಾಸಕೋಶ ಬಾಯೊಳಗೆ ಇರುದಿಲ್ಲಮ್ಮ."

ಬೆಟ್ಟಿ ಆಂಟಿ ಕುರ್ಚಿಯಲ್ಲಿ ಕೂತು ನಿಟ್ಟುಸಿರು ಬಿಟ್ಟರು. ಓಲಿಂಡಾಳ ಎದೆಯ ಮೇಲಿಂದ ಒಂದು ಬಂಡೆ ಸರಿಯಿತು. ಗೆದ್ದೆ ಅಂದುಕೊಂಡಳು. ಒಪ್ಪಂದವೂ ಉಳಿಯಿತು, ರೂಮೂ ಉಳಿಯಿತು.

"ಎಲುಬು ಹೇಗುಂಟು ನೋಡ್ಲಿಕ್ಕೆ ಒಂದು ಸಣ್ಣ ಎಕ್ಸ್‌ರೇ ತೆಗೀಬಹುದು," ಎಂದು ಡಾಕ್ಟರು ಗ್ಲೌಸು ಬದಲಿಸುತ್ತ ಹೇಳಿದರು. "ಅದಕ್ಕೆ ಮೊದ್ಲು ಎಲ್ಲ ಹೆಂಗಸ್ರಿಗೂ ಕೇಳುದು ಕೇಳ್ತೇನೆ. ಮುಟ್ಟು ಯಾವಾಗ ಆದದ್ದು?"

ಓಲಿಂಡಾ ಬೆಟ್ಟಿ ಆಂಟಿಯ ಕಡೆ ಕಣ್ಣು ಹೊರಳಿಸಿದಳು.

"ಅಕ್ಕನ ಎದುರು ಎಂತ ನಾಚಿಕೆ?" ಅಂದರು ಡಾಕ್ಟರು. ಆಮೇಲೆ ಅವಳ ಮುಖ ನೋಡಿದರು, ಬಾಯೊಳಗಿನ ಊತ ಮತ್ತೊಮ್ಮೆ ನೋಡಿದರು, ದನಿ ಇಳಿಸಿದರು. "ಎಷ್ಟು ತಿಂಗಳು?"

ಒಪ್ಪಂದದ ಪ್ರಕಾರ ನಾಲಗೆ ಕೊಟ್ಟ ಮಾತು ಉಳಿಸಿಕೊಂಡಿತು. ಕಣ್ಣು ಉಳಿಸಿಕೊಳ್ಳಲಿಲ್ಲ. ಕುರ್ಚಿಯ ದೊಡ್ಡ ದೀಪದ ಕೆಳಗೆ ಎರಡು ಹನಿ ಕಿವಿಯ ಕಡೆಗೆ ಇಳಿದವು.

"ಅದೇ ನೋಡಿ," ಡಾಕ್ಟರು ಬೆಟ್ಟಿ ಆಂಟಿಯ ಕಡೆ ತಿರುಗಿ ಪಾಠ ಮಾಡುವವರ ಹಾಗೆ ಹೇಳಿದರು. "ಗರ್ಭ ನಿಂತ್ರೆ ಮೈಯಲ್ಲಿ ಹಾರ್ಮೋನು ಏರ್ತದೆ. ವಸಡಿಗೆ ರಕ್ತ ಜಾಸ್ತಿ ಹರೀತದೆ, ಸ್ವಲ್ಪ ಕೊಳೆ ಇದ್ರೂ ಸಾಕು, ಊದ್ತದೆ. ಕೆಲವರಿಗೆ ತಿಂಗಳು ತಿಂಗಳೂ ಮುಟ್ಟಿಗೆ ಮೊದ್ಲು ಹೀಗೇ. ಮುಟ್ಟು ನಿಲ್ಲುವ ಪ್ರಾಯದಲ್ಲಿ ಬೇರೆ ತರ, ಬಾಯಿ ಒಣಗ್ತದೆ, ಉರೀತದೆ. ನಿಮ್ಗೆ ಉರಿ ಉಂಟಲ್ಲ?"

"ಉಂಟು," ಅಂದರು ಬೆಟ್ಟಿ ಆಂಟಿ, ಸಿಕ್ಕಿಬಿದ್ದವರ ಹಾಗೆ. "ನಾನು ಮೆಣಸಿಂದ ಅಂತ ಎಣಿಸಿದ್ದೆ."

ಅವರ ಮುಖ ಹೇಗೋ ಆಗಿತ್ತು. ಓಲಿಂಡಾಳನ್ನು ನೋಡಲಿಲ್ಲ, ಗೋಡೆಯ ಮೇಲಿದ್ದ ದೊಡ್ಡ ದವಡೆಯ ಚಿತ್ರ ನೋಡುತ್ತಿದ್ದರು. ಅದನ್ನೇ ನೋಡುತ್ತ ಕೇಳಿದರು, "ಡಾಕ್ಟ್ರೆ, ಒಂದು ವೇಳೆ ಈ ರಕ್ತ ಒಮ್ಮೆಲೇ ನಿಂತ್ರೆ, ಅದು... ಒಳಗೆ ಸರಿ ಇಲ್ಲ ಅಂತಲಾ?"

ಓಲಿಂಡಾ ತಲೆಯೆತ್ತಿದಳು. ತಾನು ಯಾರನ್ನೂ ಕೇಳಲು ಧೈರ್ಯ ಮಾಡದ ಪ್ರಶ್ನೆ ಅದು. ಈ ಹೆಂಗಸಿಗೆ ಅದು ಹೇಗೆ ತಿಳಿಯಿತು?

"ಹಾಗೆಲ್ಲ ನಂಬಬಾರ್ದು," ಅಂದರು ಡಾಕ್ಟರು. "ವಸಡು ಜ್ಯೋತಿಷಿ ಅಲ್ಲ. ಮಗು ಹೇಗುಂಟು ಅಂತ ಸ್ಕ್ಯಾನು ಹೇಳ್ತದೆ. ಎಕ್ಸ್‌ರೇ ಈಗ ಬೇಡ. ಕ್ಲೀನಿಂಗ್ ಮಾಡ್ತೇನೆ, ಅದ್ರಿಂದ ಮಗುವಿಗೆ ಏನೂ ತೊಂದ್ರೆ ಇಲ್ಲ. ಕೆಲವು ದಿನದಲ್ಲಿ ರಕ್ತ ಕಡ್ಮೆ ಆಗ್ತದೆ."

"ಪೂರ್ತಿ ನಿಲ್ತದಾ?" ಓಲಿಂಡಾ ಕೇಳಿದಳು.

"ಅದಕ್ಕೇ ಮಾಡುದು."

"ಒಂದು ಮೂಲೆ ಬಿಡ್ಲಿಕ್ಕೆ ಆಗ್ತದಾ, ಡಾಕ್ಟ್ರೆ? ಸಣ್ಣದು ಸಾಕು. ಹಿಂದಿನ ಒಂದು ಹಲ್ಲು."

ಖೈರುನ್ನಿಸ ಡಾಕ್ಟರು ನಗಲು ಹೊರಟವರು ಅವಳ ಕಣ್ಣು ಕಂಡು ನಗಲಿಲ್ಲ. "ಕೊಳೆ ಬಿಟ್ರೆ ಸೋಂಕು ಒಳಗೆ ಹೋಗ್ತದೆ ತಂಗಿ. ಮಗುವಿನ ಹೆಸರಲ್ಲಿ ಬಾಯಿ ತೆರೀರಿ," ಅಂದರು. ಮಗುವಿನ ಹೆಸರು ಹೇಳಿದ ಮೇಲೆ ಓಲಿಂಡಾ ಮತ್ತೇನು ಮಾಡಿಯಾಳು? ಬಾಯಿ ತೆರೆದಳು. ಗುಂಯ್ಯೆನ್ನುವ ಸಲಕರಣೆ ಒಂದೊಂದೇ ಹಲ್ಲಿನ ಬುಡದಲ್ಲಿ ಅವಳ ದಿನದಿನದ ಸಮಾಧಾನವನ್ನು ತೊಳೆದು ಹಾಕುತ್ತಿದ್ದಾಗ, ಅವಳು ಸೂರು ನೋಡುತ್ತ ಮಲಗಿದ್ದಳು.

ಹೊರಗೆ ಬಂದು ಫೋನ್ ನೋಡಿದರೆ ಮನೆಯ ಗುಂಪಿನಲ್ಲಿ ಬೆಟ್ಟಿ ಆಂಟಿಯ ಸಂದೇಶ: 'ಟೀಬಿ ಅಲ್ಲ. ಬಸುರಿ.' ಅದರ ಕೆಳಗೆ ಮೋಹನದಾಸನ ಹೆಬ್ಬೆರಳು. ಅಶ್ಮಿತಾಳ ಸಾಲುಸಾಲು ಹೂವು. ಮತ್ತೆ ಮೋಹನದಾಸನದ್ದೇ ಕೈಮುಗಿದ ಚಿತ್ರ, ಕ್ಷಮೆಗೆಂದು. ಅದರ ಕೆಳಗೆ, ಆ ಗುಂಪಿನಲ್ಲಿ ಇದ್ದಾನೆಂಬುದನ್ನೇ ಎಲ್ಲರೂ ಮರೆತಿದ್ದ ನಾರ್ಬರ್ಟನ ಒಂದು ಸಾಲು: 'ಯಾರು?'

ಓಲಿಂಡಾಳ ಕೈಯಲ್ಲೇ ಫೋನು ಬಡಿದುಕೊಂಡಿತು.

"ಗುಂಪಲ್ಲಿ ಓದಿದೆ," ಅಂದ ನಾರ್ಬರ್ಟ್. ಅವನ ಹಿಂದೆ ಸಮುದ್ರದ ಗಾಳಿಯ ಸದ್ದು. "ಮೊದ್ಲು ಅಶ್ಮಿತಾ ಅಂತ ಎಣಿಸಿ ಕಂಗ್ರಾಟ್ಸ್ ಹಾಕ್ಲಿಕ್ಕೆ ಹೊರಟೆ. ಮತ್ತೆ ಮೇಲೆ ಫೋಟೋ ನೋಡಿದೆ, ನೀನೇ ಅಂತ ಗೊತ್ತಾಯ್ತು. ನನ್ಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಹೆಸ್ರಿಡ್ತೀರಿ."

ಕಳೆದ ಸಲ ಅವನು ಡ್ಯಾರಲ್ ಎಂದು ಹೆಸರಿಟ್ಟು, ದ್ವೀಪದಲ್ಲಿ ಜೊತೆಗಿದ್ದವರಿಗೆಲ್ಲ ಹೇಳಿ, ಆಮೇಲೆ ಒಬ್ಬೊಬ್ಬರಿಗೂ ಇಲ್ಲವೆಂದು ಹೇಳುವಂತಾಗಿತ್ತು. ಇನ್ನೂ ಕೆಲವರು ಡ್ಯಾರಲ್ ಹೇಗಿದ್ದಾನೆ ಎಂದು ಕೇಳುವುದುಂಟು.

"ಈ ಸಲ ಇಡುದಿಲ್ಲ," ಅಂದ. "ರೂಮಿಂದ ಎಲ್ಲಿಗೂ ಹೋಗ್ಬೇಡ. ಮಲ್ಕೊಂಡೇ ಇರು." ಲೈನು ಕಡಿಯಿತು.

ವಾಪಸು ಹೋಗುವಾಗ ಗಾಡಿಯ ಗಾಜೆಲ್ಲ ಮೇಲೆ, ಎ.ಸಿ. ಜೋರು, ಓಲಿಂಡಾ ಮುಂದಿನ ಸೀಟಿನಲ್ಲಿ. ಬೆಟ್ಟಿ ಆಂಟಿ ಅಲ್ ಮೀನಾದ ಮೀನು ಮಾರ್ಕೆಟಿಗೆ ಗಾಡಿ ತಿರುಗಿಸಲು ಹೇಳಿ, ಅಂಜಲಿನ ಕಿವಿರು ಎತ್ತಿ ನೋಡಿ, ಮೂರು ಅಂಗಡಿಯವರ ಜೊತೆ ಜಗಳಾಡಿ, ನಾಲ್ಕನೆಯವನಿಂದ ಒಂದು ದೊಡ್ಡ ಮೀನು ಕೊಯ್ಯಿಸಿದರು. ಮನೆಯಲ್ಲಿ ಮೋಹನದಾಸ್ ಕರ್ಚೀಫು ಬಿಚ್ಚಿ ಬಾಗಿಲಲ್ಲೇ ನಿಂತಿದ್ದ.

"ಕಾಲಿಗೆ ಬೀಳ್ತೇನೆ ಅಂದಿದ್ದೆ ಬಾಯಮ್ಮ," ಅಂದ, "ಎಕ್ಸ್‌ರೇ ಬಂದ್ರೆ ಅಂತ. ಎಕ್ಸ್‌ರೇ ಬರ್ಲಿಲ್ಲ. ಆದ್ರೂ ಬೀಳುದಾದ್ರೆ ಬೀಳ್ತೇನೆ."

ಅಶ್ಮಿತಾ ಫ್ರಿಜ್ಜಿನಲ್ಲಿ ತನ್ನ ಖಾನೆ ಖಾಲಿ ಮಾಡಿ ಅವಳಿಗೆ ಬಿಟ್ಟುಕೊಟ್ಟಳು. ಬೆಳಿಗ್ಗೆ ಅವಳ ಗಾಳಿ ಬೇಡವೆಂದ ಮನೆಯೇ ಈಗ ಅವಳಿಗೆ ಗಾಳಿ ಬೀಸಲು ಪೈಪೋಟಿ ನಡೆಸಿತು.

ಸಂಜೆ ಓಲಿಂಡಾ ಅಡುಗೆಮನೆಗೆ ಹೋದಳು. ಬೆಟ್ಟಿ ಆಂಟಿ ಬೆನ್ನು ತಿರುಗಿಸಿ ಅಂಜಲ್ ಹುರಿಯುತ್ತಿದ್ದರು. ಎಡ್ವರ್ಡ್ ಅಂಕಲ್ ಈರುಳ್ಳಿ ಹೆಚ್ಚುತ್ತಿದ್ದರು. ಆ ವಾಸನೆಗೆ ಇಂದು ಯಾಕೋ ಹೊಟ್ಟೆ ತೊಳಸಲಿಲ್ಲ. ಅದಕ್ಕೂ ಅವಳಿಗೆ ಭಯವಾಯಿತು.

"ಆಂಟಿ, ಡಾಕ್ಟ್ರು ಹೇಳಿದ್ದು ನೀವೇ ಕೇಳಿದ್ರಿ. ಹಾಗಾದ್ರೆ ರೂಮು ನಮ್ಗೇ ಅಲ್ವಾ? ಮಗು ಆದ ಮೇಲೂ ನಾವು ಇಲ್ಲೇ ಇರ್ತೇವೆ. ನಿಮ್ಗೆ ಒಂದು ಚೂರೂ ಉಪದ್ರ ಮಾಡುದಿಲ್ಲ."

ಎಡ್ವರ್ಡ್ ಅಂಕಲ್ ಚೂರಿ ಕೆಳಗಿಟ್ಟು, ಕೈ ಒರೆಸಿಕೊಂಡು, ಹೊರಗೆ ಹೋದರು.

ಬೆಟ್ಟಿ ಆಂಟಿ ಮೀನು ಮಗುಚಿ ಹಾಕಿದರು. "ಮೂರು ಸಲ," ಅಂದರು. "ನನ್ಗೂ ಬ್ರಶ್ಶಿನಲ್ಲಿ ಹೀಗೇ ಬರ್ತಿತ್ತು. ಮೂರು ಸಲವೂ ನಿಂತಿತು. ನೀನಿರುವ ರೂಮಿಗೆ ಮೂರು ಸಲವೂ ಹಳದಿ ಬಣ್ಣ ಹೊಡೆಸಿದ್ದೆ. ಕೊನೆಗೆ ಎಡ್ವರ್ಡ್ ಹೇಳಿದ್ರು, ಬಾಡಿಗೆಗೆ ಕೊಟ್ಟುಬಿಡುವ ಅಂತ."

"ನಂಗೆ ಗೊತ್ತಿರ್ಲಿಲ್ಲ ಆಂಟಿ."

"ಯಾರಿಗೂ ಗೊತ್ತಿಲ್ಲ." ಒಂದು ತುಂಡು ತೆಗೆದು, ಮುಳ್ಳು ಬಿಡಿಸಿ, ತಟ್ಟೆಯಲ್ಲಿಟ್ಟು ಅವಳ ಕೈಗೆ ಕೊಟ್ಟರು. "ತಿನ್ನು. ಬಿಸಿ ಉಂಟು, ಊದಿ ತಿನ್ನು. ನಿನ್ನ ಮಗುವಿಗೆ ಗಾಡ್‌ಮದರ್ ನಾನೇ, ಬೇರೆ ಯಾರನ್ನೂ ಕೇಳ್ಬೇಡ. ಪ್ರತಿ ಶುಕ್ರವಾರ ಮೀನು ತಗೊಂಡು ಬರ್ತೇನೆ, ಮಗುವನ್ನು ಮೀಯಿಸಿ ಕೊಡ್ತೇನೆ. ಎಡ್ವರ್ಡ್ ನಾಳೆಯಿಂದ್ಲೇ ಬೇರೆ ರೂಮು ಹುಡುಕ್ತಾರೆ, ಒಂದು ಸಾಮಾನೂ ನೀನು ಎತ್ತುದು ಬೇಡ."

ಓಲಿಂಡಾ ತಟ್ಟೆಯನ್ನು ಕಟ್ಟೆಯ ಮೇಲಿಟ್ಟಳು. "ಬೇರೆ ರೂಮಾ? ಈಗ ನಾನು ಅಲ್ಲಾಡ್ಬಾರ್ದು ಆಂಟಿ. ಹೆರಿಗೆ ತನಕ ಆದ್ರೂ ಬಿಡಿ. ನಿಮ್ಮ ಕಾಲು ಹಿಡೀತೇನೆ."

"ನಮ್ಮ ರೂಮುಗಳ ನಡುವಿನ ಗೋಡೆ ಜಿಪ್ಸಮ್ಮಿಂದು. ನೀನು ಮಗ್ಗುಲು ಬದಲಿಸಿದ್ರೂ ನನ್ಗೆ ಈಚೆ ಕೇಳ್ತದೆ. ಬೆಳಿಗ್ಗೆ ನೀನು ಬಚ್ಚಲಿಗೆ ಹೋದ್ರೆ ಇನ್ನು ನಾನೂ ಎದ್ದು ಕೂತು ಕಾಯ್ಬೇಕು, ಇವತ್ತು ಕೆಂಪು ಬಂತಾ ಬಿಳಿ ಬಂತಾ ಅಂತ. ನನ್ನಿಂದ ಆಗುದಿಲ್ಲ." ಬೆಟ್ಟಿ ಆಂಟಿ ಗ್ಯಾಸು ಆರಿಸಿದರು. ಆಗಲೂ ತಿರುಗಲಿಲ್ಲ. "ಟೀಬಿ ಆಗಿದ್ರೆ ಇಟ್ಕೊಳ್ತಿದ್ದೆ. ಬೆಳಿಗ್ಗೆ ಬಟ್ಟೆ ಕಟ್ಟು ಅಂದದ್ದು ಬರೀ ಬಾಯಿಮಾತು. ಮಾತ್ರೆ ತಿಂದು ಗುಣ ಆಗುವ ತನಕ ನಾನೇ ಗಂಜಿ ಬೇಯಿಸಿ ಹಾಕ್ತಿದ್ದೆ. ಇದು ಗುಣ ಆಗುವಂಥದ್ದಲ್ಲ. ಆಗ್ಲೂಬಾರ್ದು."

"ಆಂಟಿ, ಮೂರು ತಿಂಗಳು ತುಂಬ್ಲಿಕ್ಕೆ ಇನ್ನು ಒಂದೇ ವಾರ—"

"ಇಲ್ಲ, ಓಲಿಂಡಾ. ಈ ಮನೆಯಲ್ಲಿ ಬೇಡ."